ಕೋಟೆ ಬಾಗಿಲಿನ ಕಲ್ಲು

ಮಲಾಕಿ ಮುದುಕ ತಳ್ಳುಗಾಡಿಯಿಂದ ಇಳಿಸಿದ ಕಲ್ಲನ್ನು ನೋಡಿ, ಬ್ಯಾಲಿಕೆರನ್ ಊರಿನ ಕೋಟೆ ಬಾಗಿಲ ಬಳಿ ಸುಣ್ಣದ ಗಾರೆ ಕಲೆಸುತ್ತಿದ್ದವರೆಲ್ಲ ಸಲಿಕೆ ಬಿಟ್ಟು ಸುತ್ತ ನೆರೆದರು. ಕೋಳಿ ಹಿಕ್ಕೆ ಮೆತ್ತಿದ್ದರೂ ಕೆತ್ತನೆಯ ಬಳ್ಳಿ ಎದ್ದು ಕಾಣುತ್ತಿತ್ತು. ಮುರಿದ ಕಮಾನಿಗೆ ಕಡಿಮೆ ಬಿದ್ದಿದ್ದ ಹನ್ನೊಂದು ಕಲ್ಲುಗಳಲ್ಲಿ ಅದೂ ಒಂದು.

"ನಮ್ಮಜ್ಜ ಹೊತ್ಕೊಂಡು ಬಂದಿದ್ದು. ನೂರು ವರ್ಷದಿಂದ ಕೋಳಿಗೂಡಿನ ಗೋಡೇಲಿತ್ತು." ಮಲಾಕಿ ಟೋಪಿ ತೆಗೆದು ಕೋಟೆ ದುರಸ್ತಿ ಸಂಘದ ಅಧ್ಯಕ್ಷೆ ಅಟ್ರಾಕ್ಟಾಳತ್ತ ತಿರುಗಿದ. "ಬೈಯೋದಿದ್ರೆ ಬೈದುಬಿಡು ತಾಯಿ."

ಎಲ್ಲರೂ ಕಾದರು. ಪ್ರತಿ ಸಭೆಯಲ್ಲೂ ಕೋಟೆ ಕಲ್ಲು ಕದ್ದವರ ಜನ್ಮ ಜಾಲಾಡುತ್ತಿದ್ದವಳು ಅವಳು. ಅಷ್ಟರಲ್ಲಿ ಬೇಕರಿಯ ಡೊನಾ ಕೆಮ್ಮಿದ. "ನಮ್ಮ ಒಲೆ ಹಿಂದೆ ಎರಡಿವೆ." ಅಂಚೆಯ ಫಿಲೊಮಿನಾ ದನಿ ತಗ್ಗಿಸಿದಳು. "ಪಾದ್ರಿಗಳ ಹೂದೋಟದಲ್ಲೂ ಒಂದಿದೆ. ನಾನು ಹೇಳ್ದೆ ಅನ್ಬೇಡಿ ಮತ್ತೆ!" ನಗು ಹರಡಿತು.

ಅಟ್ರಾಕ್ಟಾ ನಗಲಿಲ್ಲ. ಬಗ್ಗಿ, ಹಿಕ್ಕೆಯನ್ನು ಉಗುರಿನಿಂದ ಕೆರೆದು, ಬಳ್ಳಿಯ ಮೇಲೆ ಬೆರಳಾಡಿಸಿದಳು. ಅವಳ ಕಿವಿ ಕೆಂಪಾಗಿತ್ತು. ಆಮೇಲೆ ಎದ್ದು ತೋಳು ಮಡಿಸಿಕೊಂಡಳು.

"ಯಾರಾದ್ರೂ ಹಾರೆ ತಗೊಂಡು ನನ್ ಜೊತೆ ಬನ್ರಪ್ಪ," ಎಂದಳು. "ನಮ್ಮನೆ ಹೊಸಿಲು ಕೀಳ್ಬೇಕು."