ಮುನ್ನೂರು ಬ್ಯಾಡ್ಜು

ಆ ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ತತ್ವಪದದ ಈರಭದ್ರಯ್ಯನವರು ಹತ್ತು ವರ್ಷದ ಮೇಲೆ ಮತ್ತೆ ಹಾಡಲು ಒಪ್ಪಿದ್ದರು. ಅಭಿಮಾನಿಗಳ ಸಮಾವೇಶಕ್ಕೆ ಜನ ಸೇರಿಸಲು ಅಭಿಮಾನಿ ಸಂಘದ ಅಧ್ಯಕ್ಷ ತೋಟಪ್ಪ ಆಟೋದಲ್ಲಿ ಮೈಕು ಹಿಡಿದು ಕೂಗುತ್ತಾ ಹೊರಟ: "ಸ್ವಯಂಸೇವಕರು ಬೇಕಾಗಿದ್ದಾರೆ! ಬ್ಯಾಡ್ಜು ಹಾಕಿಕೊಂಡವರಿಗೆ ಮೊದಲ ಪಂಕ್ತೀಲೇ ಊಟ!"

ಹತ್ತು ಗಂಟೆಗೆಲ್ಲ ಮುನ್ನೂರು ಬ್ಯಾಡ್ಜೂ ಮುಗಿದವು. ಈರಭದ್ರಯ್ಯನವರು ವೇದಿಕೆ ಹತ್ತಿ ನೋಡಿದರೆ ಮುನ್ನೂರು ಕುರ್ಚಿಯೂ ಖಾಲಿ. ಜನವೆಲ್ಲ ಬ್ಯಾಡ್ಜು ಧರಿಸಿ ಗೋಡೆಗುಂಟ ನಿಂತಿದ್ದರು.

"ಕೂತ್ಕೊಳ್ರಪ್ಪಾ, ಕೇಳೋರಿಲ್ದೆ ಯಾರಿಗೆ ಹಾಡ್ಲಿ?"

"ಡ್ಯೂಟೀಲಿದ್ದೀವಿ ಬುದ್ಧೀ!"

"ಒಬ್ಬರಾದ್ರೂ ಕೂತ್ರೆ ಶುರು ಮಾಡ್ತೀನಿ."

"ಕೂತ್ರೆ ಬ್ಯಾಡ್ಜು ವಾಪಸ್ ಕೊಡ್ಬೇಕಂತೆ ಬುದ್ಧೀ."

ಬಾಗಿಲಲ್ಲಿ ಯಾರೋ ಗುರುತು ಸಿಗದೆ ತಮಗೂ ಚುಚ್ಚಿದ್ದ ಬ್ಯಾಡ್ಜನ್ನು ಈರಭದ್ರಯ್ಯನವರು ಮೆಲ್ಲಗೆ ಬಿಚ್ಚಿ, ತೋಟಪ್ಪನ ಕೈಗಿಟ್ಟು, ಕೆಳಗಿಳಿದು ಮೊದಲ ಸಾಲಿನ ಕುರ್ಚಿಯಲ್ಲಿ ಕೂತರು.