ಎರಡು ಬೆಂಚುಗಳ ನಡುವಿನ ಚೀಟಿ

ಪ್ರೊಫೆಸರ್ ಎರಡನೇ ಸಲವೂ ಮಾತು ತೇಲಿಸಿದರು. ಅವಳು ಆ ವರ್ಷದ ಪರೀಕ್ಷೆಯ ಬಗ್ಗೆ ಕೇಳಿದರೆ, ಅವರು ಪ್ರಯೋಗಾಲಯದ ಛಾವಣಿ ಸೋರುತ್ತಿದ್ದ ಕಥೆ ಹೇಳಿದರು.

ಅವಳು ವಿಶ್ವವಿದ್ಯಾಲಯದ ದಾಖಲೆ ವಿಭಾಗದವಳು. ನಿವೃತ್ತ ಪ್ರಾಧ್ಯಾಪಕರ ನೆನಪುಗಳನ್ನು ಅವರದೇ ದನಿಯಲ್ಲಿ ದಾಖಲಿಸಿಡುವುದು ಕೆಲಸ. ಭೌತಶಾಸ್ತ್ರದ ಈ ಮೇಷ್ಟ್ರು ಸಹೋದ್ಯೋಗಿಯ ಪಾಲಿಗೆ ಬಂದಿದ್ದರು. ಅವಳೇ ಹಟ ಹಿಡಿದು ಬಂದಿದ್ದಳು. ಈಗ ಕೂತಲ್ಲಿ ಕೂರಲಾಗುತ್ತಿಲ್ಲ. ರೆಕಾರ್ಡರನ್ನು ಒಮ್ಮೆ ಅತ್ತ ಸರಿಸಿದಳು, ಒಮ್ಮೆ ಇತ್ತ.

ಮೂವತ್ತು ವರ್ಷದ ಹಿಂದೆ, ಕೊನೆಯ ವರ್ಷದ ಪರೀಕ್ಷೆಯಲ್ಲಿ, ಎರಡು ಬೆಂಚುಗಳ ನಡುವೆ ನಕಲು ಚೀಟಿಯೊಂದು ಸಿಕ್ಕಿತ್ತು. ಇದೇ ಮೇಷ್ಟ್ರು, ತರಗತಿಗೇ ಮೊದಲಿಗನಾದ ಹುಡುಗನನ್ನು ಎಬ್ಬಿಸಿಕೊಂಡು ಹೋದರು. ಅವನು ಮತ್ತೆ ಕಾಲೇಜಿಗೆ ಬರಲಿಲ್ಲ. ಹೋದ ತಿಂಗಳು ಬಸ್ ಡಿಪೋದಲ್ಲಿ ಅವಳಿಗೆ ಸಿಕ್ಕಿದ. ಕೈತುಂಬ ಗ್ರೀಸು, ತಲೆಯೆಲ್ಲ ನರೆತಿತ್ತು. ಚೆನ್ನಾಗಿದ್ದೀಯಾ ಎಂದು ನಗುತ್ತಲೇ ಕೇಳಿದ. ಅಂದಿನಿಂದ ಅವಳಿಗೆ ಊಟ ಸೇರಿಲ್ಲ. ಅವನು ತಪ್ಪು ಮಾಡಿರಲಿಲ್ಲ ಎಂಬುದು ಮೇಷ್ಟ್ರ ಬಾಯಿಂದಲೇ ದಾಖಲಾಗಬೇಕು.

“ಸರ್, ಆ ಹುಡುಗನದು ಏನೂ ತಪ್ಪಿರಲಿಲ್ಲ. ನಿಮಗೆ ಗೊತ್ತಿತ್ತು, ಅಲ್ವಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಅವನು ನಿಮಗೇನಾಗಬೇಕು?”

“ಬೇಕಾದವನು.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವಳನ್ನೊಮ್ಮೆ ನೋಡಿ, ಕೊನೆಗೆ ಬಾಯಿಬಿಟ್ಟರು. ಗೊತ್ತಿತ್ತು ಎಂದರು. ಮೂರು ವರ್ಷ ಆ ತರಗತಿಯ ಎಲ್ಲರ ಉತ್ತರಪತ್ರಿಕೆ ತಿದ್ದಿದವರಿಗೆ ಚೀಟಿಯ ಅಕ್ಷರ ಯಾರದೆಂದು ತಿಳಿಯದೆ ಇರುತ್ತದೆಯೇ? ಹುಡುಗನನ್ನು ಕೋಣೆಗೆ ಕರೆದು, ಇದು ಪಕ್ಕದ ಬೆಂಚಿನ ಹುಡುಗಿಯದು, ಅಷ್ಟು ಹೇಳಿ ಹೋಗಪ್ಪಾ ಎಂದಿದ್ದರಂತೆ. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವಳು ಸಿಕ್ಕಿಬಿದ್ದರೆ ಮನೆಯಲ್ಲಿ ಓದು ಬಿಡಿಸಿಬಿಡುತ್ತಾರೆ ಎಂದ. ಚೀಟಿ ತನ್ನದೇ ಎಂದು ಬರೆದುಕೊಟ್ಟ. ಅವಳ ಹೆಸರನ್ನು ಎಲ್ಲೂ ಹೇಳಬಾರದೆಂದು ಮಾತು ತೆಗೆದುಕೊಂಡು ಹೊರಟುಹೋದ.

ಅವಳು ರೆಕಾರ್ಡರಿನ ಕೆಂಪು ದೀಪವನ್ನೇ ನೋಡಿದಳು. ಮೇಷ್ಟ್ರು ಪಾಪದವನ ಮೇಲೆ ಸುಮ್ಮನೆ ತಪ್ಪು ಹೊರಿಸಿದರು ಎಂದೇ ಇಷ್ಟು ವರ್ಷ ನಂಬಿದ್ದಳು. ಮುಂದಿನ ಪ್ರಶ್ನೆ ಕೇಳಲೋ ಬೇಡವೋ ಎಂದು ತಡವರಿಸಿ, ಆ ಹುಡುಗಿ ನೆನಪಿದ್ದಾಳಾ ಎಂದು ಕೇಳಿಯೇಬಿಟ್ಟಳು.

ಅಲ್ಲಿಯವರೆಗೂ ‘ನೀವು’ ಎನ್ನುತ್ತಿದ್ದ ಮೇಷ್ಟ್ರು ಮೆಲ್ಲಗೆ ಅಂದರು:

“ಮೊದಲು ಆ ರೆಕಾರ್ಡರ್ ಆಫ್ ಮಾಡಮ್ಮ. ಆಮೇಲೆ ನಿನ್ನ ಹೆಸರು ಹೇಳ್ತೀನಿ.”