ಮಾರುತಿ ಬರೆದ ಕಾಗದ

ದ್ಯಾಮಮ್ಮ ಶೇಂಗಾ ಸುಲಿಯುವ ಕೈ ನಿಲ್ಲಿಸಲಿಲ್ಲ. ಬಾಗಿಲಲ್ಲಿ ಮತ್ತೆ ಅದೇ ಮುದುಕಿ, ಜವನಗೊಂಡನಹಳ್ಳಿಯ ಕುರಿಗಾರರ ಮನೆಯ ಕಾಳಕ್ಕ. ಕುಂತ್ಕೋ ಎಂದು ಹೇಳಿಸಿಕೊಳ್ಳದೆ ಕುಳಿತಳು. ಮೊರಕ್ಕೆ ಕೈ ಹಾಕಿ ತಾನೂ ಸುಲಿಯತೊಡಗಿದಳು.

"ಹುಡುಗಿ ಗುಳಿಗೆ ನುಂಗಿದ್ಲಾ?"

"ಎಲ್ಲಿ? ನಿನ್ನ ಮೊಮ್ಮಗನ ಕಾಗದ ಬರ್ಲಿ ಅಂತ ಕುಂತವ್ಳೆ."

ಇವರಿಬ್ಬರ ಪರಿಚಯ ಹಿರಿಯೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಆದದ್ದು. ದ್ಯಾಮಮ್ಮನ ಮಗಳು ಅನುಷಾಳಿಗೆ ಆಗಾಗ ಕೈಕಾಲು ಬಾತು, ಕಣ್ಣು ಹಳದಿಯಾಗಿ, ಮೂಳೆಯೊಳಗೆ ನೋವು. ಕಾಮಾಲೆಯೇ ಇರಬೇಕೆಂದು ಅವಳ ಅಪ್ಪ ಎತ್ತಪ್ಪ ಮುಂಗೈಗೆ ಬರೆ ಹಾಕಿಸಿದ್ದ. ಬರೆಯ ಗಾಯ ಕೀವು ತುಂಬಿದ ಮೇಲೆ ಆಸ್ಪತ್ರೆ ಕಂಡರು. ರಕ್ತ ನೋಡಿದ ಡಾಕ್ಟರು ಇದು ಸಿಕಲ್ ಸೆಲ್ ಎಂದರು. ರಕ್ತದ ಕಣ ಕುಡುಗೋಲಿನಂತೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಆ ನೋವು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದದ್ದು, ಅಂಟುವುದಿಲ್ಲ. ದಿನಾ ಗುಳಿಗೆ ನುಂಗಬೇಕು, ಹೊಟ್ಟೆ ತುಂಬ ನೀರು ಕುಡಿಯಬೇಕು, ಚಳಿಗೆ ಮೈ ಒಡ್ಡಬಾರದು.

ಹೊರಗೆ ಬಂದು ಅಳುತ್ತಿದ್ದ ದ್ಯಾಮಮ್ಮನ ಪಕ್ಕ ಸರಿದು ಕಾಳಕ್ಕ ಅಂದಿದ್ದಳು, ನಮ್ಮ ಮಾರುತಿಗೂ ಇದೇ ಅಂತ. ದುರ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದಾನೆ, ಓದುತ್ತಾನೆ, ಓಡುತ್ತಾನೆ. ಸೆರಗಿನ ಗಂಟು ಬಿಚ್ಚಿ ಫೋಟೋ ತೋರಿಸಿದ್ದಳು.

"ಇಷ್ಟು ಸಣ್ಣೋನಾ?"

"ಅದಾದ್ಮ್ಯಾಲೆ ತೆಗೆಸೇ ಇಲ್ಲ."

"ಈಗ ನೋವು ಬರಲ್ವಾ?"

"ಈಗ ಇಲ್ಲ ಕಣವ್ವ. ಒಂದಿಷ್ಟೂ ಇಲ್ಲ."

ಆ ಮಾತು ಹಿಡಿದೇ ದ್ಯಾಮಮ್ಮ ಮಗಳನ್ನು ಆಸ್ಪತ್ರೆಗೆ ಒಯ್ಯುತ್ತ ಬಂದಳು. ಎತ್ತಪ್ಪನಿಗೆ ಮುದುಕಿಯನ್ನು ಕಂಡರೆ ಆಗದು. ಊರೂರು ಸಾರಿಬಿಟ್ಟರೆ ನಾಳೆ ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆ ಎನ್ನುತ್ತಿದ್ದ. ಹುಡುಗ ಅಷ್ಟು ಚೆನ್ನಾಗಿದ್ದರೆ ಒಮ್ಮೆ ಕರೆದುಕೊಂಡು ಬರಲಿ ನೋಡೋಣ ಎಂದೂ ಕುಟುಕಿದ್ದ. ಹಾಸ್ಟೆಲಿನವರು ಕಳಿಸುವುದಿಲ್ಲ, ಫೋನೂ ಇಟ್ಟುಕೊಳ್ಳಂಗಿಲ್ಲ ಅಂದಿದ್ದಳು ಕಾಳಕ್ಕ.

ಹಾಗಾದರೆ ಕಾಗದ ಬರೀತೀನಿ ಎಂದಳು ಅನುಷಾ. ಬರೆದೂ ಬಿಟ್ಟಳು. ನಿನ್ನ ರಕ್ತದಲ್ಲೂ ಕುಡುಗೋಲು ಐತಾ? ಗುಳಿಗೆ ಕಹಿ ಅನ್ಸುತ್ತಾ? ಸ್ಕೂಲಲ್ಲಿ ನಿನ್ನನ್ನ ಆಟಕ್ಕೆ ಸೇರಿಸ್ಕಳ್ತಾರಾ?

ಕಾಳಕ್ಕ ಅದನ್ನು ತಗೊಂಡು ಹೋಗಿ ಬಹಳ ದಿನವಾಗಿತ್ತು. ಕೇಳಿದಾಗಲೆಲ್ಲ ಪರೀಕ್ಷೆ ಅಂದಳು. ಆಮೇಲೆ ಹಬ್ಬದ ರಜೆ ಅಂದಳು. ಹುಡುಗಿ ಹಟ ಹಿಡಿದಳು: ಅವನು ಬರೆಯಲಿ, ಆಮೇಲೆ ಗುಳಿಗೆ. ಮೊನ್ನೆ ಮತ್ತೆ ನೋವು ಎದ್ದು, ಗೋಡೆಗೆ ಮುಖ ಒತ್ತಿಕೊಂಡು ನರಳಿದ್ದಳು.

ದ್ಯಾಮಮ್ಮ ಮೊರ ಪಕ್ಕಕ್ಕೆ ತಳ್ಳಿದಳು. "ಖರೆ ಹೇಳು ಕಾಳಕ್ಕ. ಅವನಿಗೆ ನಮ್ಮ ಹುಡುಗಿ ಮ್ಯಾಲೆ ತಾತ್ಸಾರನಾ?"

ಕಾಳಕ್ಕ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಒಳಗೆ ಕಂಬಳಿಯೊಳಗಿಂದ ಅನುಷಾ ಕೆಮ್ಮಿದಳು.

"ಇವತ್ತೇ ದುರ್ಗಕ್ಕೆ ಹೋಗ್ತೀನಿ. ಕಾಗದ ಆಗ್ದೆ ವಾಪಸ್ ಬರಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ದುರ್ಗದಲ್ಲಿ ಇಳಿದವಳು ಯಾವ ಹಾಸ್ಟೆಲಿನ ದಾರಿಯನ್ನೂ ಕೇಳಲಿಲ್ಲ. ನೆಟ್ಟಗೆ ಅಂಚೆ ಕಚೇರಿಗೆ ಹೋಗಿ ಕವರು ಕೊಂಡಳು. ಮೆಟ್ಟಿಲ ಮೇಲೆ ಕುಳಿತು, ಮುಪ್ಪಿನಲ್ಲಿ ರಾತ್ರಿ ಶಾಲೆಯಲ್ಲಿ ಕಲಿತ ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಳು. ನಾಲ್ಕನೇ ಕ್ಲಾಸಿನ ಹುಡುಗನ ಬರಹದಂತೆಯೇ ಕಾಣುತ್ತಿತ್ತು. 'ಅನುಷಾ, ನನ್ನ ರಕ್ತದಲ್ಲೂ ಕುಡುಗೋಲು ಐತೆ. ಗುಳಿಗೆ ಕಹಿ ಅಲ್ಲ, ನೀರು ಜಾಸ್ತಿ ಕುಡಿ. ನಾನು ದಿನಾ ನುಂಗ್ತೀನಿ. ಎಲ್ಲರೂ ಆಟಕ್ಕೆ ಸೇರಿಸ್ಕಳ್ತಾರೆ. ನೀನು ದೊಡ್ಡೋಳಾಗು. ಇಂತಿ, ಮಾರುತಿ.' ಅಂಟು ಹಚ್ಚಿ ಮುಚ್ಚಿದಳು. ದುರ್ಗದ ಮುದ್ರೆಯೇ ಬೀಳುತ್ತದಲ್ಲವೇ ಎಂದು ಕಿಟಕಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡು ಡಬ್ಬಿಗೆ ಹಾಕಿದಳು.

ಮಾರುತಿಯ ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದು ಅವನ ಅಪ್ಪ ಅಮ್ಮನ ರಕ್ತ ಪರೀಕ್ಷೆ ಮಾಡಿದಾಗ, ಅವನನ್ನು ಮಣ್ಣು ಮಾಡಿದ ಮರುವರ್ಷ.